ಅತ್ತೆಯ ತವರಿನ ಹಳದಿ ಹೂವು

ಸಸ್ಯಶಾಸ್ತ್ರ ಓದಿದವರಿಗೆಲ್ಲ ಗಿಡಗಳ ಗುರುತಿರುತ್ತದೆ ಎಂಬುದು ಲೋಕದ ನಂಬಿಕೆ. ಅಜ್ಜಂಪುರದ ಕಾಲೇಜಿನಲ್ಲಿ ಅದೇ ಪಾಠ ಹೇಳಿ ಸಂಬಳ ಪಡೆಯುವ ನಾನು ಆ ನಂಬಿಕೆಯನ್ನು ಕೆಡಿಸಲು ಹೋಗಿರಲಿಲ್ಲ. ಎಲೆಯೊಳಗಿನ ಜೀವಕೋಶದ ಚಿತ್ರವನ್ನು ಕಣ್ಣುಮುಚ್ಚಿ ಬರೆಯಬಲ್ಲೆ. ಆ ಎಲೆ ಯಾವ ಗಿಡದ್ದೆಂದು ಯಾರಾದರೂ ಕೇಳಿದರೆ ಮಾತ್ರ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತೇನೆ.

ಕಡೂರಿನ ನಮ್ಮ ಮನೆಯಲ್ಲಿ ಹಾಗೆ ಹೊರಡಲಾಗಲಿಲ್ಲ. ಅತ್ತೆ ರುದ್ರಮ್ಮನವರ ತವರು ಸಿಂಗಟಗೆರೆ. ಅಲ್ಲಿನ ಮನೆಯ ಮುಂದೆ ಅವರ ತಾಯಿ ನೆಟ್ಟ ಹಳದಿ ಹೂವಿನ ಗಿಡವೊಂದಿತ್ತು. ಅವರ ತಮ್ಮ ಟ್ರ್ಯಾಕ್ಟರ್ ನಿಲ್ಲಿಸಲು ಶೆಡ್ ಕಟ್ಟಿಸಲು ಹೊರಟಿದ್ದರಿಂದ ಗಿಡ ಹೋಗಲೇಬೇಕಿತ್ತು. ಅತ್ತೆ ಜಗಳವಾಡಲಿಲ್ಲ. ಹೂಗಳಿದ್ದ ಒಂದಿಷ್ಟು ರೆಂಬೆ ತಂದು ನನ್ನ ಮುಂದಿಟ್ಟು, "ನೀನು ಗಿಡದ ಪಾಠ ಹೇಳೋಳಲ್ವೇನೇ? ಇದ್ಯಾವ್ದು, ಕಡ್ಡಿ ನೆಟ್ರೆ ಬತ್ತದಾ, ಹೇಳು" ಎಂದರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಖಂಡಿತ ಬರುತ್ತೆ ಎಂದುಬಿಟ್ಟೆ.

ಫೋಟೋ ತೆಗೆದು ಮೊಬೈಲನ್ನು ಕೇಳಿದೆ. ಅದು ತಂಗಡಿ ಎಂದಿತು. ಎಮ್ಮೆದೊಡ್ಡಿ ಕಾವಲಿನ ದಾರಿಯಲ್ಲಿ ತಂಗಡಿ ನೋಡುತ್ತಲೇ ಬೆಳೆದ ಅತ್ತೆ ನಕ್ಕರು. ಇನ್ನೊಂದು ಫೋಟೋಗೆ ಸಾಸಿವೆ ಎಂದಿತು. ಹಾಗಾದರೆ ಒಗ್ಗರಣೆಗೆ ಹಾಕು ಎಂದು ಒಳಗೆ ಹೋದರು. ಕಡೆಗೆ ಒಂದು ಗೊಂಚಲನ್ನು ತರೀಕೆರೆಯ ನರ್ಸರಿಗೆ ಒಯ್ದೆ. ಕೆಂಪು ಛಾಯೆಯ ಕಡ್ಡಿ, ನಕ್ಷತ್ರದಂಥ ಹೂವು ನೋಡಿ ಅಲ್ಲಿನವರು ಗಾಲ್ಫಿಮಿಯ ಎಂದರು. ನನಗೂ ಅದೇ ಅನುಮಾನವಿತ್ತು ಎಂಬಂತೆ ತಲೆಯಾಡಿಸಿದೆ. ಮನೆಗೆ ಬಂದು ಪುಸ್ತಕ ತೆರೆದು ಹೋಲಿಸಿದಾಗ ಅದು ಸರಿಯಾಗಿಯೇ ಇತ್ತು.

ಹೆಸರು ಸಿಕ್ಕ ಮಾತ್ರಕ್ಕೆ ಬೇರು ಬರುವುದಿಲ್ಲ. ಅತ್ತೆ ತಂದಿದ್ದರಲ್ಲಿ ಚೆಂದದ ಹೂವಿದ್ದ ಎಳೆಯ ಕಡ್ಡಿಗಳನ್ನೇ ಆರಿಸಿ ನೆಟ್ಟು, ಪ್ರೀತಿಯಿಂದ ಹೊತ್ತುಹೊತ್ತಿಗೆ ನೀರು ಹೊಯ್ದೆ. ಎಲ್ಲವೂ ಕೊಳೆತವು. ಅವನ್ನು ಅತ್ತೆಯೇ ಕಿತ್ತು ತಿಪ್ಪೆಗೆ ಹಾಕಿದರು, ಬೈದಿದ್ದರೇ ಹಗುರವಾಗುತ್ತಿತ್ತು. ಮತ್ತೆ ಕಡ್ಡಿ ತರೋಣವೆಂದು ಇಬ್ಬರೂ ಸಿಂಗಟಗೆರೆಗೆ ಹೋದರೆ, ಅಂದು ಬೆಳಿಗ್ಗೆಯೇ ಕೆಲಸದವರು ಗಿಡವನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಎಲೆ ಇನ್ನೂ ಬಾಡಿರಲಿಲ್ಲ. ಅತ್ತೆ ಅದರ ಪಕ್ಕದಲ್ಲೇ ಕುಳಿತುಬಿಟ್ಟರು. "ಅವ್ವ ದಿನಾ ಪಾತ್ರೆ ತೊಳೆದ ನೀರು ಇದಕ್ಕೇ ಹಾಕೋಳು ಕಣೇ" ಎಂದರು. ನಾನು ಕತ್ತರಿ ತೆಗೆದೆ. ಈ ಸಲ ಹೂವಿಲ್ಲದ, ಅರೆಬಲಿತ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಒದ್ದೆ ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ತಂದೆವು. ಮರಳು ಬೆರೆಸಿದ ಕುಂಡಗಳಲ್ಲಿ ನೆಟ್ಟು, ಪ್ಲಾಸ್ಟಿಕ್ ಕವರ್ ಮುಚ್ಚಿ, ನೆರಳಲ್ಲಿಟ್ಟೆ.

ಕೆಲವು ಒಣಗಿದವು, ಉಳಿದವು ಚಿಗುರಿದವು. ಅತ್ತೆ ಪಾಯಸ ಮಾಡಲು ಹೊರಟರು. ಬೇರಿಲ್ಲದೆಯೂ ಚಿಗುರು ಬರಬಹುದು, ಕಾಯೋಣ ಎಂದು ನಾನೇ ತಡೆದೆ. ಒಂದು ಬೆಳಿಗ್ಗೆ ಕುಂಡದ ತಳದ ತೂತಿನಿಂದ ಬಿಳಿಯ ಬೇರೊಂದು ಇಣುಕಿತ್ತು. ಅತ್ತೆ ಅದನ್ನು ಬಹಳ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮ ಮಗನಿಗಿಂತ ಮೊದಲು ನನಗೆ ಕಾಫಿ ತಂದುಕೊಟ್ಟರು.

ಈಗ ಗಿಡ ಹೂ ಬಿಟ್ಟಿದೆ. ಪಕ್ಕದ ಮನೆಯವರು ಒಂದು ಕಡ್ಡಿ ಕೇಳಲು ಬಂದು ಇದರ ಹೆಸರೇನೆಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿದರು: "ನಮ್ ಸೊಸೆ ಹೂವು ಕಣ್ರೀ. ಬೇಗ ಹೊಂದ್ಕಳಲ್ಲ. ಬೇರು ಬಿಟ್ಮೇಲೆ ಮಾತ್ರ ಅಲ್ಲಾಡ್ಸಕ್ಕಾಗಲ್ಲ."

ಅದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಸಂಶಯ ಬಂದರೆ ನಾನು ಪೂರ್ತಿ ಅಂಕ ಕೊಡುವವಳು. ನನಗೂ ಕೊಟ್ಟುಕೊಂಡೆ.