ಮರೆಪ್ಪನ ಮೊದಲ ಕುಸ್ತಿ

ಉಮರ್ಗಾದ ಕುಸ್ತಿ ಕಣವನ್ನು ಸುಧಾರಿಸುವ ಮಹತ್ಕಾರ್ಯಕ್ಕೆ ನಾನು ಹೊರಟಾಗ, ನನ್ನ ಕೈಗೆ ಗೊತ್ತಿದ್ದ ಏಕೈಕ ಕಸರತ್ತು ಅಂಗಡಿಯಲ್ಲಿ ಬಟ್ಟೆ ಹರಿಯುವುದು!

ನಮ್ಮ ಅಂಗಡಿಯ ಗಂಟು ಹೊರುತ್ತಿದ್ದ ಮರೆಪ್ಪ ಊರ ಹೊರಗಿನ ಕೇರಿಯವನು. ಎದುರಿಗೆ ನಿಂತರೆ ಬಾಗಿಲು ಮುಚ್ಚಿದ ಹಾಗೆ. ಅಂಥ ಆಳು ಕಣಕ್ಕಿಳಿಯುವಂತಿಲ್ಲ, ದೂರ ನಿಂತು ನೋಡಬೇಕು. ಕುಸ್ತಿಗೆ ಮೊದಲು ಪೈಲವಾನರು ಕೈಗೆ ಕೈ ಕೊಡಬೇಕಷ್ಟೆ. ಅವನ ಕೈ ಮುಟ್ಟುವವರಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಸಭೆ ಸೇರಿಸಲು ಪರವಾನಗಿ ಬೇಕು, ಕುಸ್ತಿ ನೋಡಲು ಬೇಡ. ಆದ್ದರಿಂದ ತುಂಬಿದ ಕಣದ ದಂಡೆಯ ಮೇಲೆಯೇ ನಿಂತು, ಮರೆಪ್ಪನನ್ನೂ ಕುಸ್ತಿಗೆ ಬಿಡಿರೆಂದು ಭಾಷಣ ಬಿಗಿದೆ. ನ್ಯಾಯ, ಸಮಾನತೆ, ಮಾನವಕುಲ... ಒಂದನ್ನೂ ಬಿಡಲಿಲ್ಲ. ಚಪ್ಪಾಳೆಯೋ ಚಪ್ಪಾಳೆ!

ಕುಸ್ತಿ ಕಲಿಸುವ ವಸ್ತಾದರು ನನ್ನ ಸೋದರಮಾವ. ಮೀಸೆ ತಿರುವಿದರು.

"ಭಾಳ ಛಲೋ ಮಾತಾಡ್ದಿ ಅಳಿಯಾ. ಒಬ್ಬನರ ಅವನ ಕೈ ಹಿಡದು, ಬೆನ್ನು ಮಣ್ಣಿಗೆ ಹತ್ತಿ ಚೀತ್ ಆಗೋತನಕ ಆಡ್ಲಿ. ನಾಳಿಂದ ಮರೆಪ್ಪಗ ಜೋಡಿ ನಾನೇ ಹುಡುಕ್ತೀನಿ. ಯಾರ ಇಳೀತೀರಿ?"

ಚಪ್ಪಾಳೆ ತಟ್ಟಿದವರೆಲ್ಲ ತಮ್ಮ ತಮ್ಮ ರುಮಾಲು ಸರಿಪಡಿಸಿಕೊಳ್ಳತೊಡಗಿದರು.

"ಯಾರೂ ಇಲ್ಲಾಂದ್ರ ನಾ ಇಳೀತೀನಿ!" ಎಂದಿತು ನನ್ನ ಬಾಯಿ. ನನ್ನನ್ನು ಕೇಳದೆಯೇ!

ಯಾರದೋ ಲಂಗೋಟಿ ಕೊಟ್ಟರು. ಎರಡು ಸುತ್ತು ಹೆಚ್ಚಿಗೆ ಸುತ್ತಬೇಕಾಯಿತು. ಮಣ್ಣಿಗಿಳಿದು ಮರೆಪ್ಪನ ಕೈ ಹಿಡಿದೆ. ಅವನು ಹಿಂದೆ ಸರಿಯಲು ನೋಡಿದ. ನಾನೂ. ಕಾರಣ ಬೇರೆ ಬೇರೆ.

"ಧಣೇರ, ಎಲ್ಲಿ ಹಿಡೀಲಿರಿ?"

"ಎಲ್ಲಿ ಮಾಂಸ ಅದನೋ ಅಲ್ಲಿ ಹಿಡಿ."

ಹುಡುಕಿದ. ಸಿಗಲಿಲ್ಲ. ಮೊಸರಿನ ಗಡಿಗೆಯಂತೆ ನನ್ನನ್ನು ಎತ್ತಿ, ಮೆಲ್ಲಗೆ ಇಳಿಸಿದ. ಮತ್ತೆ ಎತ್ತಿದ. ಮತ್ತೆ ಇಳಿಸಿದ.

ಮಾವ ಗುಡುಗಿದರು: "ಏ ಮರ್ಯಾ! ಕುಸ್ತಿ ಹಿಡೀಲಿಕ್ಕೆ ಬಂದೀಯೋ, ಕೂಸು ಆಡಸ್ಲಿಕ್ಕೆ ಬಂದೀಯೋ? ಇದು ಲೆಕ್ಕಕ್ಕಿಲ್ಲ!"

ನಾನು ಅವನ ಕಿವಿಯಲ್ಲಿ ಅಂಗಲಾಚಿದೆ: "ಮರೆಪ್ಪಾ, ಕೈ ಮುಗೀತೀನಿ, ಒಗಿಯೋ!"

"ಹ್ಯಾಂಗ ಒಗೀಲ್ರಿ? ಮುರದ ಹೋಗ್ತೀರಿ."

"ಮುರೀಲಿ! ನಿನ್ನ ಕುಸ್ತಿ ಲೆಕ್ಕಕ್ಕ ಬರಬೇಕು!"

ಅವನ ಕಣ್ಣು ತುಂಬಿದವು. ಆಮೇಲೆ ಒಗೆದ.

"ಚೀತ್!" ಎಂದು ಮಾವ ಕೂಗಿದ್ದು ಎಲ್ಲೋ ಪಾತಾಳದಿಂದ ಕೇಳಿತು. ಯೆಣೆಗೂರಿನ ಪೈಲವಾನನೊಬ್ಬ ಕಣಕ್ಕೆ ಜಿಗಿದು ಮರೆಪ್ಪನಿಗೆ ಕೈ ಚಾಚಿದ. "ಮುಂದಿಂದು ನನ್ನ ಕೂಡ!" ಹಲಗೆ ಮೊಳಗಿತು. ಸುಧಾರಕನು ಇನ್ನೂ ಅವರ ಕಾಲಬುಡದಲ್ಲೇ ಬಿದ್ದಿರುವನೆಂಬುದು ಯಾರಿಗೂ ನೆನಪಿರಲಿಲ್ಲ!

ಕುಸ್ತಿ ಮುಗಿದ ಮೇಲೆ ಮರೆಪ್ಪನೇ ನನ್ನನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ತಂದ. ಬಾಗಿಲಲ್ಲಿ ಗಕ್ಕನೆ ನಿಂತ. ನನ್ನ ಹೆಂಡತಿ ಗೌರಮ್ಮ ಹೊರಬಂದಳು.

"ಯಾಕ ನಿಂತಿ? ಒಳಗ ಬಾ."

"ಹೊಸ್ತಿಲಾ, ಅವ್ವಾರ..."

"ಇವರ್ನ ಹೊತ್ಕೊಂಡು ಎಷ್ಟೊತ್ತು ನಿಲ್ತೀಯಪ್ಪಾ? ಬಾ, ಕೂಡು. ಮೊದಲ ಹಾಲು ಕುಡಿ."

ಮರೆಪ್ಪ ನಡುಮನೆಯಲ್ಲಿ ಕೂತು ಹಾಲು ಕುಡಿದು ಹೋದ. ಗೌರಮ್ಮ ನನ್ನ ಬೆನ್ನಿಗೆ ಅರಿಸಿನದೆಣ್ಣೆ ತಿಕ್ಕುತ್ತ ಮೆಲ್ಲಗೆ ಅಂದಳು:

"ಹತ್ತು ವರ್ಷ ಅಂವಾ ನಮ್ಮ ಬಾಗಲದಾಗ ನಿಂತೇ ಗಂಟು ಇಳಿಸ್ಯಾನ. ನನಗೂ ಹೊಳೀಲಿಲ್ಲ, ನಿಮಗೂ ಹೊಳೀಲಿಲ್ಲ. ಒಳಗ ಕರೀಲಿಕ್ಕೆ ನಿಮ್ಮ ನಡಾ ಮುರೀಬೇಕಾತು ನೋಡ್ರಿ."

ನಾನು ಬೋರಲು ಮಲಗಿದ್ದೆ. ಮುಖ ಮುಚ್ಚಿಕೊಳ್ಳಲು ಅನುಕೂಲವೇ ಆಯಿತು.