ಜಲಪಾತಕ್ಕೆ ಒಂದೇ ತಿರುವು

“ಈ ಪ್ರವಾಸ ಮುಗಿಯೋವರೆಗೂ ನಲ್ಲಿ, ಪೈಪು, ವಾಷರ್ ಅನ್ನೋ ಮಾತು ನನ್ನ ಬಾಯಲ್ಲಿ ಬಂದ್ರೆ ಕೇಳು” ಎಂದು ಪೈಪಯ್ಯ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿ ಮಾಡಿ ಅದು ಸವೆದುಹೋಗಿ, ಪೈಪಯ್ಯ ಎಂಬುದಷ್ಟೇ ಉಳಿದಿತ್ತು. ತಾನು ಕೈಯಿಟ್ಟ ನಲ್ಲಿ ಮತ್ತೆ ತೊಟ್ಟಿಕ್ಕಿದರೆ ಆ ಮನೆಗೆ ಜೀವಮಾನವೆಲ್ಲ ನೀರು ಹೊರುತ್ತೇನೆ ಎಂಬುದು ಅವನ ಪಂಥ. ಅಂಥ ಮಹಾಪುರುಷ ಸ್ಪ್ಯಾನರ್ ಕೆಳಗಿಟ್ಟು, ದೇಶದ ಕೋಟೆ, ಗುಹೆ, ಅರಮನೆ, ಕಾಡುಗಳನ್ನೆಲ್ಲ ಹೆಂಡತಿಗೆ ತೋರಿಸಲು ಹೊರಟಿದ್ದ!

ಹೆಂಡತಿ ಕೇಳಿದ್ದು ಇಷ್ಟನ್ನೆಲ್ಲ ಅಲ್ಲ. ಪ್ರವಾಸದ ಕೊನೆಯಲ್ಲಿದ್ದ ಜಲಪಾತವೊಂದೇ ಅವಳಿಗೆ ಬೇಕಾಗಿದ್ದದ್ದು. ಅದರ ಚಿತ್ರವಿದ್ದ ಹಳೆಯ ಕ್ಯಾಲೆಂಡರಿನ ಹಾಳೆ ಅವಳ ಒಲೆಯ ಮೇಲಿನ ಗೋಡೆಯಲ್ಲಿತ್ತು. ತಿಂಗಳು, ತಾರೀಖು ಎಲ್ಲ ಹರಿದುಹೋಗಿ ಚಿತ್ರವಷ್ಟೇ ಉಳಿದು, ಅಡುಗೆಯ ಹೊಗೆಗೆ ಬಿಳಿ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಪ್ರತಿ ವರ್ಷವೂ “ಈ ಸಲ ಹೋಗೋಣ” ಎನ್ನುತ್ತಿದ್ದ ಪೈಪಯ್ಯ ಆ ಹೊತ್ತಿಗೆ ಸರಿಯಾಗಿ ಯಾರದೋ ಟ್ಯಾಂಕಿನೊಳಗೆ ಇಳಿದಿರುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ.

ಹೊರಡುವ ದಿನ ಬೆಳಿಗ್ಗೆ ಇಡೀ ಬೀದಿಗೆ ನೀರು ಬರುವುದು ನಿಂತು, ಮನೆಯ ಟ್ಯಾಂಕೂ ಬರಿದಾಗಿತ್ತು. ಪೈಪಯ್ಯ ಅಡುಗೆಮನೆಯ ನಲ್ಲಿ ತಿರುಗಿಸಿದ. ಗೊರ್ ಎಂದು ಬರೀ ಗಾಳಿ ಬಂತು. ಅಷ್ಟರಲ್ಲಿ ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ಪೆಟ್ಟಿಗೆ ಎತ್ತಿಕೊಂಡು ಓಡಿದ.

ಹೆಂಡತಿಗೆ ಕೊಟ್ಟ ಮಾತು ಮೊದಲ ಕೋಟೆಯಲ್ಲೇ ಮಣ್ಣುಪಾಲಾಯಿತು. ಗೈಡ್ ರೋಷದಿಂದ ಯುದ್ಧ ವರ್ಣಿಸುತ್ತಿದ್ದರೆ ಪೈಪಯ್ಯ ಮಂಡಿಯೂರಿ ಕೂತು ಕಲ್ಲಿನ ಕಾಲುವೆಯ ಇಳಿಜಾರನ್ನು ಅಳೆಯುತ್ತಿದ್ದ. ಗುಹೆಯಲ್ಲಿ ಎಲ್ಲರೂ ಆದಿಮಾನವ ಬರೆದ ಕಾಡುಕೋಣ ನೋಡಿದರೆ, ಇವನು ಕೋಣದ ಬೆನ್ನ ಮೇಲಿನ ತೇವ ನೋಡಿ, ಇದು ಮೇಲಿನ ಸೋರಿಕೆ, ಈಗಲೇ ಹಿಡಿಯದಿದ್ದರೆ ಕೋಣ ಉಳಿಯುವುದಿಲ್ಲ ಎಂದು ತೀರ್ಪು ಕೊಟ್ಟ. ಹೆಂಡತಿ ಅಂಗಿಯ ತೋಳು ಜಗ್ಗಿ ಜಗ್ಗಿ ಸೋತಳು. ಆದರೂ ಅವಳ ಮುಖ ದಿನದಿಂದ ದಿನಕ್ಕೆ ಅರಳುತ್ತಿತ್ತು. ಜಲಪಾತ ಹತ್ತಿರ ಬರುತ್ತಿತ್ತಲ್ಲ.

ಕೊನೆಗೂ ಕಾಡಿನ ಕಾಲುದಾರಿ ಸಿಕ್ಕಿತು. ಸ್ವಲ್ಪ ದೂರ ನಡೆದ ಮೇಲೆ ಮರಗಳ ಆಚೆಯಿಂದ ಭೋರ್ಗರೆತ ಕೇಳಿಸಿತು. ಹೆಂಡತಿ ಚಪ್ಪಲಿ ಕೈಗೆ ತೆಗೆದುಕೊಂಡು ಹುಡುಗಿಯ ಹಾಗೆ ಮುಂದೋಡಿದಳು. ಪೈಪಯ್ಯ ಮಾತ್ರ ನಿಂತಲ್ಲೇ ನಿಂತ. ನೀರಿನ ಸದ್ದು ಕೇಳಿದ್ದೇ ತಡ, ಅವನಿಗೆ ಥಟ್ಟನೆ ಹೊಳೆಯಿತು. ಅಡುಗೆಮನೆಯ ನಲ್ಲಿ! ತಿರುಗಿಸಿದ್ದು ನೆನಪಿತ್ತು, ಮುಚ್ಚಿದ್ದು ನೆನಪಿರಲಿಲ್ಲ. ಸಾಲದ್ದಕ್ಕೆ, ಜಿರಲೆ ಬಾರದಿರಲಿ ಎಂದು ಸಿಂಕಿನ ತೂತಿಗೆ ತಾನೇ ಬಿರಡೆ ಜಡಿದಿದ್ದ. ಕೆಳಗಡೆ ದರ್ಜಿಯ ಅಂಗಡಿ, ಅದರ ತುಂಬ ಊರಿನವರ ಹೊಸ ಬಟ್ಟೆ. ದರ್ಜಿಗೆ ಫೋನ್ ಮಾಡಿದ, ಎತ್ತುವವರಿಲ್ಲ.

ಹೆಂಡತಿಗೆ ನಿಜ ಹೇಳುವುದೇ? ಪೈಪಯ್ಯನ ಮನೆಯ ನಲ್ಲಿಯೇ ಹರಿಯಿತಂತೆ ಎಂದು ಬೀದಿಯೆಲ್ಲ ಆಡಿಕೊಂಡು ನಗುವುದು ಅವನ ಕಣ್ಣಿಗೆ ಕಟ್ಟಿತು. ಮನೆಗೆ ಓಡಲು ಒಂದು ನೆಪ ಬೇಕಿತ್ತು. ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ.

ಹೆಂಡತಿ ಓಡಿ ಬಂದಳು. ತಂಡದಲ್ಲಿದ್ದ ನಿವೃತ್ತ ನರ್ಸಮ್ಮ ಹೊಟ್ಟೆ ಒತ್ತಿ ನೋಡಿ, ಕೈಚೀಲದಿಂದ ಕಹಿ ಔಷಧಿ ತೆಗೆದು ಗಂಟಲಿಗೆ ಸುರಿದರು. ಸುಳ್ಳು ನೋವಿಗೆ ಬಿದ್ದ ಆ ಮದ್ದು ನಿಜವಾದ ನೋವನ್ನೇ ಎಬ್ಬಿಸಿತು. ಮಾಡಿದ್ದುಣ್ಣೋ ಮಹರಾಯ!

ಜಲಪಾತಕ್ಕೆ ಇನ್ನೊಂದೇ ತಿರುವು, ನಾವು ಇವರನ್ನು ನೋಡಿಕೊಳ್ಳುತ್ತೇವೆ, ನೀವು ಕಣ್ತುಂಬ ನೋಡಿ ಬನ್ನಿ ಎಂದು ಗೈಡ್ ಪೈಪಯ್ಯನ ಹೆಂಡತಿಗೆ ಹೇಳಿದ.

“ಇವರನ್ನ ಹೀಗೆ ಬಿಟ್ಟು ನೀರು ನೋಡೋಕೆ ಹೋಗ್ಲಾ?” ಎಂದಳು ಅವಳು. ಚಪ್ಪಲಿ ಮೆಟ್ಟಿಕೊಂಡಳು. ತಿರುವಿನ ಕಡೆ ಒಮ್ಮೆ ನೋಡಿ, ಗಂಡನ ರಟ್ಟೆ ಹಿಡಿದು ಬಂದ ದಾರಿಯಲ್ಲೇ ವಾಪಸು ಹೊರಟಳು.

ಊರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಸೆರಗಿನಿಂದ ಅವನ ಹಣೆ ಒರೆಸುತ್ತಿದ್ದಳು. ಒಂದೊಂದು ಸಲ ಒರೆಸಿದಾಗಲೂ ಪೈಪಯ್ಯನಿಗೆ ಹೇಳಿಬಿಡಬೇಕು ಎನಿಸುತ್ತಿತ್ತು. ಹೇಳಿದ್ದರೆ ಅವಳನ್ನಾದರೂ ಹಿಂದಕ್ಕೆ ಕಳಿಸಬಹುದಿತ್ತು. ಆದರೆ ನಾಲಗೆ ತುಕ್ಕು ಹಿಡಿದ ತಿರುಪಿನಂತೆ ಕಚ್ಚಿಕೊಂಡಿತ್ತು. ಆ ಪಾಪಕ್ಕೆ ಅವನು ಆಮೇಲೆ ಎಷ್ಟು ಮರುಗಿದನೋ ಲೆಕ್ಕವಿಲ್ಲ.

ಮನೆ ತಲುಪಿದಾಗ ಮೆಟ್ಟಿಲು ಒಣಗಿತ್ತು. ಬೀಗ ತೆಗೆದದ್ದೇ ಹೊಟ್ಟೆನೋವು ಮರೆತು ಪೈಪಯ್ಯ ಅಡುಗೆಮನೆಗೆ ಓಡಿದ. ನಲ್ಲಿ ಪೂರ್ತಿ ತೆರೆದೇ ಇತ್ತು. ಸಿಂಕಿನಲ್ಲಿ ಹನಿ ನೀರಿಲ್ಲ.

“ಹೊರಡೋವಾಗ ನಾನೇ ಮೇನ್ ವಾಲ್ವ್ ಮುಚ್ಚಿದ್ದೆ” ಎಂದಳು ಹಿಂದೆ ಬಂದ ಹೆಂಡತಿ.

“ನನಗ್ಯಾಕೆ ಹೇಳಲಿಲ್ಲ?”

“ಎಲ್ಲಿಗೆ ಹೊರಟ್ರೂ ನಾನೇ ಮುಚ್ಚೋದು ರೀ. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಸುಮ್ಮನಿದ್ದೆ.”

ಅವಳು ನಲ್ಲಿ ನೋಡಿದಳು, ಗಂಡನ ಹೊಟ್ಟೆ ನೋಡಿದಳು. ಎಲ್ಲ ಅರ್ಥವಾಯಿತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಹೋಗಿ ವಾಲ್ವ್ ತೆಗೆದು ಬಂದಳು. ನಲ್ಲಿಯಿಂದ ಭರ್ರನೆ ಸುರಿದ ನೀರನ್ನು ನೋಡುತ್ತ ನಿಂತಳು.

“ಒಂದೇ ತಿರುವು ಅಂದಿದ್ದ ಗೈಡು” ಎಂದಳು ಮೆಲ್ಲಗೆ. ಪೈಪಯ್ಯನ ಕಣ್ಣು ತುಂಬಿತು. ತಪ್ಪಾಯಿತು ಕಣೇ, ನಾಳೆಯೇ ಹೊರಡೋಣ ಎಂದು ಗೋಗರೆದ.

“ನೀವು ಬೇಡ. ನರ್ಸಮ್ಮನ ಜೊತೆ ನಾನೊಬ್ಬಳೇ ಹೋಗಿ ಬರ್ತೀನಿ. ನೀವು ಮನೇಲಿ ನಲ್ಲಿ ಕಾಯ್ಕೊಂಡಿರಿ.”

ಹಾಗೆಯೇ ಆಯಿತು. ಮುಂದಿನ ಪ್ರವಾಸದ ಬಸ್ಸಿಗೆ ಅವಳನ್ನು ಹತ್ತಿಸಿ, ಬಸ್ಸು ಮರೆಯಾಗುವವರೆಗೆ ಕೈಬೀಸಿ, ಪೈಪಯ್ಯ ಮನೆಗೆ ಬಂದು ಮುಖ ತೊಳೆಯಲು ನಲ್ಲಿ ತಿರುಗಿಸಿದ. ನೀರಿಲ್ಲ. ವಾಷರ್ ಬಿಚ್ಚಿ ನೋಡಿದ, ಪೈಪು ಕಳಚಿ ಊದಿದ, ಏಣಿ ಹಾಕಿ ಟ್ಯಾಂಕು ಇಣುಕಿದ. ಟ್ಯಾಂಕು ತುಂಬಿ ತುಳುಕುತ್ತಿತ್ತು. ಕೊನೆಗೆ ಏನೋ ಹೊಳೆದು ಕೆಳಗಿಳಿದು ನೋಡಿದ.

ಗಂಡ ಮನೆಯಲ್ಲೇ ಇರುತ್ತಾನೆಂದು ಗೊತ್ತಿದ್ದೂ, ಹೆಂಡತಿ ಮೇನ್ ವಾಲ್ವ್ ಮುಚ್ಚಿಯೇ ಹೋಗಿದ್ದಳು.