ಕಾಲು ತಾನಾಗಿ ಒತ್ತಿದ ಬ್ರೇಕು

ಡ್ರೈವರನ ಸೊಂಟ ಹಿಡಿದಿರಲಿಲ್ಲ. ಹಿಡಿದಿದೆ ಎಂದು ಡಿಪೋ ಮ್ಯಾನೇಜರಿಗೆ ಬರೆದುಕೊಟ್ಟಿದ್ದ, ಅಷ್ಟೇ. ಹನ್ನೆರಡು ದಿನ ಬಿಡುವಿಲ್ಲದೆ ಬೆಟ್ಟದ ದಾರಿಯಲ್ಲಿ ಬಸ್ಸು ಹತ್ತಿಸಿ ಇಳಿಸಿದವನಿಗೆ ಬೇಕಾಗಿದ್ದದ್ದು ನಿದ್ದೆ. ಇವತ್ತು ಸುಳ್ಳು ರಜೆ, ನಾಳೆ ವಾರದ ರಜೆ. ಎರಡು ದಿನವೂ ಮುಸುಕು ಹೊದ್ದು ಬಿದ್ದುಕೊಳ್ಳುವುದೆಂದು ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದ.

ಒಂಬತ್ತು ಗಂಟೆಗೆ ಎದುರುಮನೆಯ ಮೇಷ್ಟ್ರು ಬಾಗಿಲು ಬಡಿದರು. ನಿವೃತ್ತರಾದ ಮೇಲೆ ಕಾರು ಕೊಂಡಿದ್ದರು. ಆದರೆ ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಯುವಷ್ಟು ಮಾತ್ರ ಕಲಿತಿದ್ದರು. ಬೆಟ್ಟದ ಮರಗಳೆಲ್ಲ ಕೆಂಪಗಾಗಿವೆಯಂತೆ, ಇನ್ನೊಂದು ವಾರ ಬಿಟ್ಟರೆ ಎಲೆಯೆಲ್ಲ ಉದುರಿ ಬರೀ ಕೊಂಬೆಯಂತೆ, ಡ್ರೈವರ್ ಹೇಗೂ ಮನೆಯಲ್ಲೇ ಇದ್ದಾನಂತೆ. ಅವನು ಸೊಂಟ ಹಿಡಿದುಕೊಂಡು ನರಳುವಷ್ಟರಲ್ಲಿ ಹೆಂಡತಿ ಬಟ್ಟೆ ಬದಲಿಸಿ ಚಪ್ಪಲಿ ಮೆಟ್ಟಿ ನಿಂತಿದ್ದಳು.

“ದಿನಾ ಊರಿನವರನ್ನೆಲ್ಲ ಕರ್ಕೊಂಡು ಹೋಗ್ತೀರಿ. ನನ್ನನ್ನ ಒಂದು ದಿನ ಕರ್ಕೊಂಡು ಹೋಗಿದ್ದೀರಾ?”

ಮದುವೆಯಾಗಿ ಹದಿನಾರು ವರ್ಷ. ಅವನು ಮೇಷ್ಟ್ರ ಕಾರಿನ ಕೀಲಿಗೆ ಕೈ ಚಾಚಿದ.

ಬೆಟ್ಟ ಹತ್ತುತ್ತಿದ್ದಂತೆ ಮೇಷ್ಟ್ರು ಕೆಂಪು ಮರ ಕಂಡಲ್ಲೆಲ್ಲ ಕಾರು ನಿಲ್ಲಿಸಲು ಹೇಳಿ ಫೋಟೋ ತೆಗೆದರು. ಪಾಠ ಮಾಡಿ ಪಳಗಿದ ಬಾಯಿ, ಎಲೆ ಏಕೆ ಬಣ್ಣ ಬದಲಿಸುತ್ತದೆಂದು ತಿರುವಿಗೊಂದು ಸಲ ವಿವರಿಸಿದರು. ಡ್ರೈವರನ ಕಣ್ಣು ಎಳೆಯುತ್ತಿತ್ತು. ಪುಣ್ಯಕ್ಕೆ ಆ ದಾರಿಯನ್ನು ಅವನ ಕೈಕಾಲುಗಳೇ ನೋಡಿಕೊಳ್ಳುತ್ತಿದ್ದವು.

ಎಡವಟ್ಟಾದದ್ದೂ ಅದರಿಂದಲೇ. ಮೊದಲ ಬಸ್‌ಸ್ಟಾಪು ಬಂದೊಡನೆ ಕಾಲು ತಾನಾಗಿ ಬ್ರೇಕು ಒತ್ತಿತು. ಮೇಲೆ ಹೋಗುವ ಬೆಳಗಿನ ಬಸ್ಸು ತಪ್ಪಿಸಿಕೊಂಡು ಕೂತಿದ್ದ ಅಜ್ಜಿಯೊಬ್ಬಳು ಕಾರು ತನಗಾಗಿಯೇ ನಿಂತಿತೆಂದು ಬಾಗಿಲು ತೆಗೆದು, ಬುಟ್ಟಿಯನ್ನು ಮೇಷ್ಟ್ರ ತೊಡೆಯ ಮೇಲಿಟ್ಟು ಕೂತೇಬಿಟ್ಟಳು. ಕಾರು ಮಾತ್ರ ಅಲುಗಲಿಲ್ಲ. ಏಕೆಂದು ಯಾರಿಗೂ ತಿಳಿಯಲಿಲ್ಲ.

“ರೈಟ್” ಎಂದಳು ಅಜ್ಜಿ, ದಿನಾ ಬಸ್ಸಿನಲ್ಲಿ ಓಡಾಡುವವಳು. ಕಾರು ಹೊರಟಿತು.

ಎರಡನೇ ಸ್ಟಾಪಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಆದರೂ ನಿಂತಿತು. ಹೆಂಡತಿ ಹಣೆ ಚಚ್ಚಿಕೊಂಡು ತಾನೇ ರೈಟ್ ಹೇಳಿದಳು. ಮೂರನೆಯದರಲ್ಲಿ ಬ್ರೇಕು ಬಿದ್ದಾಗ ಹೊರಗಿನಿಂದ ಕಿಟಕಿಯೊಳಗೆ ಬಗ್ಗಿ ನೋಡಿದವರು ಡಿಪೋ ಮ್ಯಾನೇಜರು. ಡ್ರೈವರನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

“ಸೊಂಟ ಹೇಗಿದೆಯಯ್ಯಾ?”

ಅವನು ಹಲ್ಲು ಕಿರಿದ. ಮ್ಯಾನೇಜರು ಬೈಯಲಿಲ್ಲ, ಅವರ ಪರಿಸ್ಥಿತಿ ಹಾಗಿತ್ತು. ತಿರುವಿನಾಚೆ ಅವನದೇ ಬಸ್ಸು ಕೆಳಮುಖವಾಗಿ ನಿಂತಿತ್ತು. ಇವನ ಬದಲಿಗೆ ಬಂದ ಡ್ರೈವರು ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿದ್ದ. ಅವನಿಗೆ ಸೊಂಟ ಹಿಡಿದಿತ್ತು, ನಿಜವಾಗಿ. ಸುದ್ದಿ ಕೇಳಿ ಓಡಿಬಂದ ಮ್ಯಾನೇಜರ ತಲೆಯನ್ನು ನಲವತ್ತು ಜನ ಪ್ರಯಾಣಿಕರು ತಿನ್ನುತ್ತಿದ್ದರು.

ಡ್ರೈವರ್ ಹೋಗಿ ಬಸ್ಸಿನ ತನ್ನ ಸೀಟು ಹತ್ತಿದ. ಹೆಂಡತಿಯೂ ಮೇಷ್ಟ್ರೂ ಕಾರಿಗೆ ಬೀಗ ಹಾಕಿ ಬಸ್ಸೇರಿದರು. ಇಳಿಯಬೇಕಾದ ಊರು ಬಂದದ್ದರಿಂದ ಅಜ್ಜಿ ಬುಟ್ಟಿ ಹಿಡಿದು ರಸ್ತೆಯಲ್ಲೇ ಉಳಿದಳು.

“ಇವತ್ತಿನ ರಜೆ ರದ್ದು. ಆ ಸುಳ್ಳು ಚೀಟಿ ನಾನು ನೋಡಿಲ್ಲ, ನೀನು ಬರೆದಿಲ್ಲ. ನಾಳೆ ನಿನ್ನ ವಾರದ ರಜೆ, ಹೋಗಿ ಚೆನ್ನಾಗಿ ಮಲಗು” ಎಂದರು ಮ್ಯಾನೇಜರು.

ಡ್ರೈವರನ ಕಣ್ಣಲ್ಲಿ ನೀರು ಬಂತು. ಒಂದು ದಿನವಾದರೂ ಉಳಿಯಿತಲ್ಲ. ಆಗ ಬೆನ್ನ ಹಿಂದಿನ ಸೀಟಿನಿಂದ ಮೇಷ್ಟ್ರು ಅವನ ಹೆಗಲು ತಟ್ಟಿದರು.

“ನಾಳೆ ಒಂಬತ್ತಕ್ಕೇ ಬಂದುಬಿಡ್ತೀನಪ್ಪಾ. ಕಾರು ಇಲ್ಲೇ ಉಳೀತಲ್ಲ, ನೀನಿಲ್ಲದೆ ಇಳಿಸೋರು ಯಾರು? ತುದೀಲಿರೋ ಮರಗಳನ್ನೂ ನೋಡೋದು ಬಾಕಿ ಇದೆ.”

ಬುತ್ತಿ ತಾನು ಕಟ್ಟುತ್ತೇನೆಂದು ಹೆಂಡತಿ ಆಗಲೇ ಒಪ್ಪಿಕೊಂಡಾಗಿತ್ತು. ಸಾಧ್ಯವಿಲ್ಲ, ನನಗೆ ಸೊಂಟ ನೋವು ಎನ್ನಲು ಅವನು ಬಾಯಿ ತೆರೆದ. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು. ಬಾಯಿ ಮುಚ್ಚಿದ.

ಹೊರಗಿನಿಂದ ಅಜ್ಜಿ ಬಸ್ಸಿಗೆ ಎರಡು ಸಲ ತಟ್ಟಿ “ರೈಟ್” ಎಂದಳು. ಅವನ ಕಾಲು ತಾನಾಗಿ ಬ್ರೇಕು ಬಿಟ್ಟಿತು.